ಎರಿ ಹೊಲದ ಇಲಿಗಳು ಮತ್ತು ಡಾರ್ವಿನ್ನನ ಪ್ರಶ್ನೆ

ಮಸೂತಿ, ಬಸವನ ಬಾಗೇವಾಡಿ, ಸಿಂದಗಿ, ಇಂಡಿ ಸೀಮೆಯ ಕರಿಮಣ್ಣಿನ ಎರಿ ಹೊಲಗಳು ಬೇಸಿಗೆಯಲ್ಲಿ ಬಾಯಿ ಬಿಡುತ್ತವೆ. ಮಳೆ ಬಿದ್ದರೆ ಮಣ್ಣು ಉಬ್ಬಿ ಬಿರುಕುಗಳು ಮುಚ್ಚಿಹೋಗುತ್ತವೆ. ರೈತರು ವರ್ಷವರ್ಷವೂ ಕಾಣುವ ಈ ಸಂಗತಿಗೂ ಜೀವವಿಕಾಸದ ಸಿದ್ಧಾಂತಕ್ಕೂ ನಂಟಿದೆ. ಆ ನಂಟು ತಿಳಿಯಬೇಕಾದರೆ ಕೃಷ್ಣೆ ದಾಟಿ, ಇದೇ ಕರಿಮಣ್ಣು ಹಬ್ಬಿರುವ ಧಾರವಾಡ ಸೀಮೆಗೆ, ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು. ಆಗ ಅಲ್ಲಿ ವಾಲ್ಟರ್ ಎಲಿಯಟ್ ಎಂಬ ಕಂಪನಿ ಸರ್ಕಾರದ ಕಿರಿಯ ಅಧಿಕಾರಿಯಿದ್ದ. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತಾಗ, ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಇವನೂ ಒಬ್ಬ. ಬಿಡುಗಡೆಯಾದ ಮೇಲೆ ಅವನು ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿದ. ಇಲ್ಲಿಯ ಪ್ರಾಣಿಗಳನ್ನೂ ಅಷ್ಟೇ ಶ್ರದ್ಧೆಯಿಂದ ಗಮನಿಸಿದ. ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಬಗ್ಗೆ 1839ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಅವನು ಪ್ರಕಟಿಸಿದ ಪಟ್ಟಿಯಲ್ಲಿ ಪ್ರಾಣಿಗಳ ಊರಿನ ಹೆಸರುಗಳೂ ಇವೆ.

ಆ ಪಟ್ಟಿಯಲ್ಲಿ ‘ಮೆಟ್ಟಡ’ ಎಂಬ ಹೊಲದ ಇಲಿಯ ವಿವರವಿದೆ. ಇದು ತಾನಾಗಿ ಆಳವಾದ ಬಿಲ ತೋಡುವುದಿಲ್ಲ. ಕಲ್ಲುಗುಪ್ಪೆಯಲ್ಲೋ, ಬೇರೆ ಇಲಿ ಬಿಟ್ಟುಹೋದ ಬಿಲದಲ್ಲೋ, ಬೇಸಿಗೆಯಲ್ಲಿ ಕರಿಮಣ್ಣಿನ ಬಿರುಕಿನಲ್ಲೋ ಇದ್ದುಬಿಡುತ್ತದೆ. ಮುಂಗಾರು ಹಿಡಿದು ಬಿರುಕುಗಳು ಕುಸಿದು ಮುಚ್ಚಿದಾಗ ಪ್ರತಿವರ್ಷವೂ ಇಲಿಗಳು ಲೆಕ್ಕವಿಲ್ಲದಷ್ಟು ಸಾಯುತ್ತವೆ. ಆದರೆ 1826ರಲ್ಲಿ ಮುಂಗಾರು ಸರಿಯಾಗಿ ಬೀಳಲಿಲ್ಲ, ಇಲಿಗಳು ಸಾಯಲೂ ಇಲ್ಲ. ಅವು ಬಿತ್ತಿದ ಬೀಜ ತಿಂದವು. ಬೆಳೆ ಬಂದಾಗ ಜೋಳದ ದಂಟು ಹತ್ತಿ ತೆನೆ ಕತ್ತರಿಸಿದವು. ಹೊಲಗಳು ಬರಿದಾಗಿ ರೈತರಿಗೆ ಕಂದಾಯ ಕಟ್ಟಲಾಗಲಿಲ್ಲ. ಇಷ್ಟು ಡಜನ್ ಇಲಿಗೆ ಇಷ್ಟು ಕಾಳು ಎಂದು ಅಳತೆ ಗೊತ್ತುಮಾಡಿ ವಡ್ಡರನ್ನು ಕರೆಸಿದರು. ಅವರು ಸಾವಿರಗಟ್ಟಲೆ ಇಲಿ ಕೊಂದರೂ ಇಲಿಗಳ ಸಂಖ್ಯೆ ತಗ್ಗಿದಂತೆ ಕಾಣಲಿಲ್ಲ ಎಂದು ಎಲಿಯಟ್ ಬರೆದಿದ್ದಾನೆ.

ಪ್ರತಿ ಜೀವಿಯೂ ಉಳಿಯಬಲ್ಲುದಕ್ಕಿಂತ ಹೆಚ್ಚು ಮರಿ ಹಾಕುತ್ತದೆ. ಮಳೆ, ಚಳಿ, ಹಸಿವು, ಶತ್ರು ಅವುಗಳಲ್ಲಿ ಬಹುಪಾಲನ್ನು ಅಳಿಸುತ್ತವೆ. ಈ ತಡೆ ಒಂದು ವರ್ಷ ಸಡಿಲವಾದರೂ ಸಂಖ್ಯೆ ಉಕ್ಕುತ್ತದೆ. ನಿಸರ್ಗದ ಆಯ್ಕೆ ಎಂಬ ವಾದಕ್ಕೆ ಇದೇ ಬುನಾದಿ. ಧಾರವಾಡದ ಹೊಲದಲ್ಲಿ ಆ ಬುನಾದಿ ಕಣ್ಣೆದುರಿಗೇ ಇತ್ತು. ಅದನ್ನು ಎಲಿಯಟ್ ಕಂಡಿದ್ದ, ರೈತರಂತೂ ಚೆನ್ನಾಗಿ ಬಲ್ಲವರಾಗಿದ್ದರು. ಆದರೂ ಅಲ್ಲಿ ಸಿದ್ಧಾಂತ ಹುಟ್ಟಲಿಲ್ಲ. ಕಂಡ ಸಂಗತಿಗಳನ್ನು ಕೂಡಿಹಾಕುತ್ತ ಹೋದರೆ ಒಂದು ದಿನ ಸಿದ್ಧಾಂತ ತಾನಾಗಿಯೇ ಮೂಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಶಾಲೆಯಲ್ಲಿ ಕಲಿಸುವುದೂ ಬಹುಮಟ್ಟಿಗೆ ಹಾಗೆಯೇ. ವಿಕಾಸವಾದದ ಆರಂಭದ ಇತಿಹಾಸ ಈ ನಂಬಿಕೆಯನ್ನು ಒಪ್ಪುವುದಿಲ್ಲ. ಸಂಗತಿ ಸಾಕ್ಷ್ಯವಾಗಬೇಕಾದರೆ ಅದರ ಮುಂದೆ ಒಂದು ಪ್ರಶ್ನೆ ಬಂದು ನಿಲ್ಲಬೇಕು.

ಚಾರ್ಲ್ಸ್ ಡಾರ್ವಿನ್ನನ ಬಳಿ ಆ ಪ್ರಶ್ನೆ ಇತ್ತು. ಜೀವಜಾತಿಗಳು ಬದಲಾಗುತ್ತವೆ ಎಂದು ಮೊದಲು ಹೇಳಿದವನು ಅವನಲ್ಲ. ಅವನ ಅಜ್ಜ ಎರಾಸ್ಮಸ್ ಡಾರ್ವಿನ್ 1794ರಲ್ಲಿ, ಫ್ರಾನ್ಸಿನ ಲಮಾರ್ಕ್ 1809ರಲ್ಲಿ ಅದನ್ನು ಬರೆದಿದ್ದರು. ಆದರೆ ಬದಲಾವಣೆ ಯಾವ ಬಗೆಯಿಂದ ಆಗುತ್ತದೆ, ಜೀವಿಗಳು ತಮ್ಮ ನೆಲೆಗೆ ಇಷ್ಟು ಚೆನ್ನಾಗಿ ಹೊಂದಿಕೊಂಡಿರುವುದೇಕೆ ಎಂಬುದಕ್ಕೆ ಒಪ್ಪುವಂಥ ಉತ್ತರ ಇರಲಿಲ್ಲ. ಡಾರ್ವಿನ್ 1837ರಲ್ಲಿ ಈ ಬಗ್ಗೆ ಟಿಪ್ಪಣಿ ಪುಸ್ತಕ ತೆರೆದ. 1838ರ ಸೆಪ್ಟೆಂಬರಿನಲ್ಲಿ ಜನಸಂಖ್ಯೆಯ ಬಗ್ಗೆ ಮಾಲ್ಥಸ್ ಬರೆದದ್ದನ್ನು ಓದಿದಾಗ ಸಾವಿನ ಲೆಕ್ಕ ಅವನಿಗೆ ಬೇರೆಯೇ ಅರ್ಥ ಕೊಟ್ಟಿತು: ಸಾಯುವವು ಬಹಳವಾದರೆ ಉಳಿಯುವವು ಯಾವುವು, ಏಕೆ? ನೆಲೆಗೆ ಹೊಂದುವ ಗುಣವುಳ್ಳವು ಉಳಿದು ಆ ಗುಣವನ್ನು ಮರಿಗಳಿಗೆ ದಾಟಿಸುತ್ತವೆ, ಹೀಗೆ ಜಾತಿ ನಿಧಾನವಾಗಿ ಬದಲಾಗುತ್ತದೆ ಎಂಬುದು ಅವನ ಉತ್ತರ. 1854-55ರ ಚಳಿಗಾಲ ತನ್ನ ತೋಟದ ಹಕ್ಕಿಗಳಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಕೊಂದಿತೆಂದು ಅವನು ಅಂದಾಜು ಮಾಡಿದ. ಎರಿ ಹೊಲದ ಬಿರುಕು ಮೆಟ್ಟಡಕ್ಕೆ ಮಾಡಿದ್ದನ್ನೇ ಇಂಗ್ಲೆಂಡಿನ ಹಿಮ ಹಕ್ಕಿಗಳಿಗೆ ಮಾಡಿತ್ತು. ಒಂದು ವರದಿಯಾಗಿ ಉಳಿಯಿತು, ಇನ್ನೊಂದು ವಾದದ ಆಧಾರವಾಯಿತು. ಮುಂದೆ ಕಲ್ಕತ್ತೆಗೆ ಬಂದ ಎಡ್ವರ್ಡ್ ಬ್ಲೈತ್‌ನ ನಿದರ್ಶನ ಇನ್ನೂ ಸ್ಪಷ್ಟ. ದುರ್ಬಲ ಜೀವಿಗಳು ಅಳಿದು ಬಲವುಳ್ಳವು ಉಳಿಯುತ್ತವೆ ಎಂದು ಅವನು 1835ರಲ್ಲೇ ಬರೆದಿದ್ದ. ಆದರೆ ಅದು ಜಾತಿಯನ್ನು ಮೂಲರೂಪದಲ್ಲೇ ಕಾಯುವ ಏರ್ಪಾಡು ಎಂದು ಅವನ ಎಣಿಕೆ. ಸಂಗತಿ ಒಂದೇ ಇದ್ದರೂ ತೀರ್ಮಾನಗಳು ಎದುರುಬದುರಾದವು.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ಪ್ರಶ್ನೆ ಮೊದಲು, ಸಂಗತಿ ಆಮೇಲೆ ಎಂದರೆ ವಿಜ್ಞಾನಿ ತನಗೆ ಬೇಕಾದ ಸಂಗತಿಗಳನ್ನಷ್ಟೇ ಆರಿಸಿಕೊಳ್ಳುವುದಿಲ್ಲವೇ? ಆರಿಸಿಕೊಳ್ಳಬಹುದು. ಅದಕ್ಕೇ ಒಳ್ಳೆಯ ಸಿದ್ಧಾಂತ ತಾನು ಸೋಲಬಹುದಾದ ಜಾಗವನ್ನು ತಾನೇ ತೋರಿಸಬೇಕಾಗುತ್ತದೆ. ಡಾರ್ವಿನ್ ಪಾರಿವಾಳಗಳನ್ನು ಕೈಗೆತ್ತಿಕೊಂಡದ್ದು ಹೀಗೆ. ಸಾಕಿದ ತಳಿಗಳೆಲ್ಲ ಒಂದೇ ಕಾಡುಪಾರಿವಾಳದಿಂದ ಬಂದಿದ್ದರೆ, ಕರಿ ತಳಿಯನ್ನೂ ಬಿಳಿ ತಳಿಯನ್ನೂ ಕೂಡಿಸಿ ಪಡೆದ ಪೀಳಿಗೆಗಳಲ್ಲಿ ಆ ಮೂಲದ ಗುರುತು ಮರಳಿ ಕಾಣಬೇಕು. ಅವನು ಕೂಡಿಸಿ ನೋಡಿದ. ಮೊಮ್ಮಕ್ಕಳಲ್ಲಿ ನೀಲಿ ಮೈ, ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟೆಯುಳ್ಳ ಹಕ್ಕಿ ಬಂತು. ಕಾಣದೇ ಹೋಗಿದ್ದರೆ ಅವನ ವಾದ ಅಲ್ಲೇ ಕುಸಿಯುತ್ತಿತ್ತು. ಈ ಕೆಲಸಕ್ಕೆ ದೇಶದೇಶಗಳ ತಳಿಗಳು ಬೇಕಾದಾಗ, ಆಗ ಮದರಾಸಿನಲ್ಲಿದ್ದ ಎಲಿಯಟ್‌ಗೆ ಡಾರ್ವಿನ್ 1856ರಲ್ಲಿ ಪತ್ರ ಬರೆದ. ಎಲಿಯಟ್ ಪಾರಿವಾಳದ ಚರ್ಮಗಳನ್ನು ಕಳಿಸಿದ್ದಲ್ಲದೆ, 1770ರಲ್ಲಿ ತೀರಿಕೊಂಡ ಸಯ್ಯದ್ ಮಹಮ್ಮದ್ ಮುಸಾರಿ ಎಂಬವರು ಪಾರಿವಾಳಗಳ ಬಗ್ಗೆ ಬರೆದ ಪಾರ್ಸಿ ಗ್ರಂಥವನ್ನು ಅನುವಾದ ಮಾಡಿಸಿಯೂ ಕೊಟ್ಟ. 1859ರ ನವೆಂಬರಿನಲ್ಲಿ ಹೊರಬಂದ ‘ಜೀವಜಾತಿಗಳ ಉಗಮ’ದ ಮೊದಲ ಅಧ್ಯಾಯದಲ್ಲೇ ಎಲಿಯಟ್‌ಗೆ ಕೃತಜ್ಞತೆ ಇದೆ. ಕಿತ್ತೂರಿನ ಸೆರೆಯಿಂದ ಹೊರಬಂದವನು ಆ ಪುಸ್ತಕದಲ್ಲಿ ಹೀಗೆ ಸೇರಿದ್ದಾನೆ. ಧಾರವಾಡದ ಹೊಲಗಳಲ್ಲಿ ಇಲಿ ಹಿಡಿದ ವಡ್ಡರ ಕೈಕಸುಬಿನ ತಿಳಿವಿಗೆ ಮಾತ್ರ ಅಂಥ ಪುಟ ಸಿಗಲಿಲ್ಲ. ಅದು ಅನ್ಯಾಯವೇ.

‘ಅದು ಬರೀ ಸಿದ್ಧಾಂತ’ ಎಂಬುದು ಇನ್ನೊಂದು ಆಕ್ಷೇಪ. ವಿಜ್ಞಾನದಲ್ಲಿ ಸಿದ್ಧಾಂತವೆಂದರೆ ಏಟು ತಿಂದು ಉಳಿದ ವಿವರಣೆ. ಡಾರ್ವಿನ್ನನ ವಾದಕ್ಕೆ ಬಿದ್ದ ಏಟುಗಳು ದೊಡ್ಡವು. ಭೂಮಿ ತಣ್ಣಗಾದ ಲೆಕ್ಕ ಹಾಕಿದ ಭೌತವಿಜ್ಞಾನಿ ಕೆಲ್ವಿನ್, 1897ರ ಹೊತ್ತಿಗೆ ಭೂಮಿಯ ವಯಸ್ಸನ್ನು 2ರಿಂದ 4 ಕೋಟಿ ವರ್ಷಕ್ಕೆ ಇಳಿಸಿದ್ದ. ನಿಧಾನವಾಗಿ ನಡೆಯುವ ಆಯ್ಕೆಗೆ ಅಷ್ಟು ಕಾಲ ಸಾಲದು. ಆದರೆ ಮಸೂತಿಯ ಎರಿಮಣ್ಣಿನ ಕೆಳಗಿರುವ ಕರಿಕಲ್ಲಿಗೇ, ಅಂದರೆ ದಖ್ಖನ್ನಿನ ಲಾವಾ ಬಂಡೆಗೇ, ಸುಮಾರು 6.6 ಕೋಟಿ ವರ್ಷ ವಯಸ್ಸು. ಭೂಮಿಗೆ ಸುಮಾರು 450 ಕೋಟಿ. ವಿಕಿರಣಶೀಲತೆಯಿಂದ ಬಂಡೆಯ ವಯಸ್ಸು ಅಳೆಯುವುದು ಸಾಧ್ಯವಾದ ಮೇಲೆ ಆ ಏಟು ತಪ್ಪಿತು. ತಂದೆತಾಯಿಯ ಗುಣಗಳು ಬೆರೆತು ತೆಳುವಾದರೆ ಒಳ್ಳೆಯ ಬದಲಾವಣೆ ಉಳಿಯುವುದು ಹೇಗೆ ಎಂದು 1867ರಲ್ಲಿ ಫ್ಲೀಮಿಂಗ್ ಜೆಂಕಿನ್ ಕೇಳಿದ. ಅದಕ್ಕೆ ಉತ್ತರ 1866ರಲ್ಲೇ ಮೆಂಡೆಲ್‌ನ ಬಟಾಣಿ ಪ್ರಯೋಗಗಳಲ್ಲಿ ಅಚ್ಚಾಗಿತ್ತು, ಜಗತ್ತು ಅದನ್ನು ಗಮನಿಸಿದ್ದು 1900ರಲ್ಲಿ. ಆನುವಂಶಿಕತೆಯ ಬಗ್ಗೆ ಡಾರ್ವಿನ್ 1868ರಲ್ಲಿ ಕಟ್ಟಿದ ಊಹೆ ಮಾತ್ರ ಪರೀಕ್ಷೆಯಲ್ಲಿ ಬಿದ್ದುಹೋಯಿತು, ವಿಜ್ಞಾನ ಅದನ್ನು ಕೈಬಿಟ್ಟಿತು. ಒಬ್ಬನೇ ಮನುಷ್ಯನ ಒಂದು ವಿಚಾರ ಉಳಿದು ಇನ್ನೊಂದು ಅಳಿದದ್ದು ಅವನ ಹೆಸರಿನ ಬಲದಿಂದಲ್ಲ.

2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ತೆಗೆದಾಗ ದೇಶದ ಸಾವಿರಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ವಿರೋಧಿಸಿ ಸಹಿ ಹಾಕಿದರು. ಅವರ ಆತಂಕ ಸರಿಯಾದದ್ದು. ಹತ್ತನೆಯದಕ್ಕೇ ವಿಜ್ಞಾನ ಬಿಡುವ ಮಕ್ಕಳಿಗೆ ಈ ಪಾಠ ಮುಂದೆಂದೂ ಸಿಗುವುದಿಲ್ಲ. ಪುಸ್ತಕದಲ್ಲಿ ಇರಲಿ ಬಿಡಲಿ, ಮಸೂತಿ, ಇಂಡಿ, ಸಿಂದಗಿ, ಮುದ್ದೇಬಿಹಾಳದ ಶಿಕ್ಷಕರು ಬೇಸಿಗೆ ಮುಗಿಯುವ ಹೊತ್ತಿಗೆ ಮಕ್ಕಳನ್ನು ಊರ ಹೊಲಕ್ಕೆ ಕರೆದುಕೊಂಡು ಹೋಗಿ, ಬಿರುಕು ತೋರಿಸಿ, ಮಳೆ ಬಿದ್ದ ಮೇಲೆ ಇದರೊಳಗಿನ ಯಾವ ಜೀವಿ ಉಳಿಯುತ್ತದೆ, ಯಾವುದು ಸಾಯುತ್ತದೆ, ಏಕೆ ಎಂದು ಕೇಳಲಿ. ಮಕ್ಕಳು ಕೊಟ್ಟ ಉತ್ತರಗಳನ್ನು ಬರೆದಿಟ್ಟು, ಮಳೆಯಾದ ಮೇಲೆ ಅದೇ ಹೊಲಕ್ಕೆ ಮತ್ತೆ ಹೋಗಿ ಯಾವ ಉತ್ತರ ನಿಂತಿತೆಂದು ನೋಡಲಿ.