‘ಆಗಿಬರದು’ ಎಂಬ ಮನೆತನದ ಮಾತು ಮತ್ತು ಅರಿವಳಿಕೆಯ ಆಪತ್ತು

ಕನ್ನಡ ಜನಪದರಲ್ಲಿ ‘ಇದು ನಮ್ಮ ಮನೆತನಕ್ಕೆ ಆಗಿಬರದು’ ಎಂಬ ಮಾತು ಬಳಕೆಯಲ್ಲಿದೆ. ಇಂತಹ ಹೇಳಿಕೆಗಳನ್ನು ಸಾಮಾನ್ಯವಾಗಿ ನಂಬಿಕೆಗಳ ವರ್ಗಕ್ಕೆ ಸೇರಿಸಲಾಗುತ್ತದೆ. ಆದರೆ ಮನೆತನದ ಮಾತು ಕೆಲವೊಮ್ಮೆ ಸಾವುಗಳ ನಿಖರ ದಾಖಲೆಯೂ ಆಗಿರಬಲ್ಲದು ಎಂಬುದಕ್ಕೆ ಆಧುನಿಕ ವೈದ್ಯಶಾಸ್ತ್ರದಲ್ಲಿಯೇ ನಿದರ್ಶನವೊಂದಿದೆ.

1960ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದ 21 ವರ್ಷದ ವಿದ್ಯಾರ್ಥಿಯೊಬ್ಬನಿಗೆ ಮುರಿದ ಕಾಲಿಗಿಂತ ಅರಿವಳಿಕೆಯ ಭಯವೇ ಹೆಚ್ಚಾಗಿತ್ತು. ಅವನ ಬಂಧುಗಳಲ್ಲಿ 10 ಮಂದಿ ಈಥರ್ ಅರಿವಳಿಕೆಯಲ್ಲಿ ಮೃತಪಟ್ಟಿದ್ದರು. ವೈದ್ಯರು ಆ ಮಾತನ್ನು ಮನ್ನಿಸಿ, ಆಗ ಹೊಸದಾಗಿದ್ದ ಹ್ಯಾಲೋಥೇನನ್ನು ಎಚ್ಚರಿಕೆಯಿಂದ ನೀಡಿದರು. ಸುಮಾರು 10 ನಿಮಿಷಗಳಲ್ಲಿ ರಕ್ತದೊತ್ತಡ ಕುಸಿಯಿತು, ನಾಡಿ ವೇಗಗೊಂಡಿತು, ಮೈ ಬಿಸಿಯಾಯಿತು. ಔಷಧವನ್ನು ಕೂಡಲೇ ನಿಲ್ಲಿಸಿ, ಮಂಜುಗಡ್ಡೆಯಿಂದ ದೇಹವನ್ನು ತಣಿಸಲಾಗಿ ಅವನು ಬದುಕಿಕೊಂಡನು. ಡೆನ್‌ಬರೋ ಮತ್ತು ಲೊವೆಲ್ ಅದೇ ವರ್ಷ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಪ್ರಕರಣವನ್ನು ವರದಿ ಮಾಡಿದರು. ಮನೆತನದ ವೃತ್ತಾಂತವನ್ನು ಕಲೆಹಾಕಿದಾಗ, ದೋಷವು ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವುದೆಂದು ಸ್ಪಷ್ಟವಾಯಿತು.

ಮುಂದೆ ಇದು ‘ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾ’, ಅಂದರೆ ಮಾರಕ ಅತಿತಾಪ ಎಂದು ಹೆಸರಾಯಿತು. ಈ ದೋಷವುಳ್ಳವರ ಸ್ನಾಯುಕೋಶಗಳಲ್ಲಿ ಅರಿವಳಿಕೆಯ ಆವಿಗಳಾಗಲಿ ಸಕ್ಸಿನೈಲ್‌ಕೋಲಿನ್ ಎಂಬ ಔಷಧವಾಗಲಿ ಕ್ಯಾಲ್ಸಿಯಂ ಅಂಕೆಮೀರಿ ಬಿಡುಗಡೆಯಾಗುವಂತೆ ಮಾಡಬಲ್ಲವು. ಹೆಸರಿನಲ್ಲಿ ತಾಪವಿದ್ದರೂ ಮೈ ಬಿಸಿಯೇರುವುದು ಅನೇಕ ವೇಳೆ ತಡವಾಗಿ ಕಾಣುವ ಲಕ್ಷಣ. ನಿಶ್ವಾಸದಲ್ಲಿ ಇಂಗಾಲದ ಡೈಆಕ್ಸೈಡಿನ ಏರಿಕೆ, ನಾಡಿಯ ವೇಗ, ದವಡೆಯ ಬಿಗಿತ ಇವು ಮೊದಲ ಸೂಚನೆಗಳು. ಆಗ ಕಾರಣವಾದ ಔಷಧವನ್ನು ನಿಲ್ಲಿಸಿ, ಶುದ್ಧ ಆಮ್ಲಜನಕ ನೀಡಿ, ದೇಹತೂಕದ ಪ್ರತಿ ಕಿಲೋಗ್ರಾಮಿಗೆ 2.5 ಮಿಲಿಗ್ರಾಮಿನಂತೆ ಡ್ಯಾಂಟ್ರೊಲೀನ್ ಕೊಟ್ಟು, ಅಗತ್ಯವಿದ್ದರೆ ಪುನರಾವರ್ತಿಸಿ, ದೇಹವನ್ನು ತಣಿಸಬೇಕು. 1975ರಲ್ಲಿ ದಕ್ಷಿಣ ಆಫ್ರಿಕಾದ ಹ್ಯಾರಿಸನ್ ಹಂದಿಗಳ ಮೇಲಿನ ಪ್ರಯೋಗದಿಂದ ಈ ಔಷಧದ ಗುಣವನ್ನು ತೋರಿಸಿಕೊಟ್ಟರು. ಆರಂಭದಲ್ಲಿ ಶೇಕಡಾ 70ರಷ್ಟಿದ್ದ ಸಾವಿನ ಪ್ರಮಾಣವು, ಔಷಧ ತಕ್ಷಣ ದೊರೆಯುವೆಡೆಗಳಲ್ಲಿ ಬಹುವಾಗಿ ತಗ್ಗಿದೆ.

ದೋಷವುಳ್ಳ ತಂದೆ ಅಥವಾ ತಾಯಿಯಿಂದ ಪ್ರತಿಯೊಂದು ಮಗುವಿಗೂ ಅದು ಬರುವ ಸಾಧ್ಯತೆ ಶೇಕಡಾ 50. ಸಾಮಾನ್ಯವಾಗಿ ಇದಕ್ಕೆ ಹೊರಗುರುತಿಲ್ಲ. ಹಿಂದೊಮ್ಮೆ ಅರಿವಳಿಕೆ ಪಡೆದಾಗ ತೊಂದರೆಯಾಗಲಿಲ್ಲವೆಂಬುದೂ ಅಭಯವಲ್ಲ. ಮೊದಲೇ ತಿಳಿದರೆ ಈ ಔಷಧಗಳನ್ನು ಬಿಟ್ಟು, ರಕ್ತನಾಳದ ಮೂಲಕವೋ ಬೆನ್ನುಹುರಿಯ ಬಳಿ ಚುಚ್ಚಿಯೋ ನೀಡುವ ಸುರಕ್ಷಿತ ಅರಿವಳಿಕೆಯನ್ನು ಆರಿಸಿಕೊಳ್ಳಬಹುದು.

ಶಸ್ತ್ರಚಿಕಿತ್ಸೆಯ ವೇಳೆ ಸಂಭವಿಸಿದ ಸಾವುಗಳೆಲ್ಲಕ್ಕೂ ಇದೇ ಕಾರಣವೆನ್ನಲಾಗದು. ಆದರೂ ‘ಚಿಕ್ಕಪ್ಪ ಆಪರೇಷನ್ ಟೇಬಲ್ಲಿನ ಮೇಲೆಯೇ ಹೋದರು’ ಎಂದು ಹಿರಿಯರು ಹೇಳಿದಾಗ ಅದನ್ನು ವಿಧಿಯ ಮಾತೆಂದು ತಳ್ಳಿಹಾಕದೆ, ಯಾರು, ಯಾವಾಗ, ಯಾವ ಔಷಧದಿಂದ ಎಂದು ವಿಚಾರಿಸಿ ವೈದ್ಯರು ದಾಖಲಿಸಬೇಕು. ಕ್ಷೇತ್ರಕಾರ್ಯದಲ್ಲಿ ಜಾನಪದ ಸಂಶೋಧಕರು ಕೇಳುವ ಪ್ರಶ್ನೆಗಳೂ ಇಂಥವೇ. ಇಲ್ಲಿ ಅವುಗಳ ಉತ್ತರವನ್ನು ಒಂದು ಜೀವ ಅವಲಂಬಿಸಿರುತ್ತದೆ.