ಚೆಕ್‌ನಾಕೆಯ ಆಚೆಗೆ ನಮ್ಮ ಮಕ್ಕಳ ಶಾಲೆ

ಊರಿನಲ್ಲಿ ಬಿಟ್ಟುಬಂದ ಹೆಂಡತಿ ಮಕ್ಕಳನ್ನು ಕರೆಯಿಸಿಕೊಳ್ಳಲೆಂದು ಡೊಂಬಿವಲಿಯಲ್ಲಿಯೋ ಕಲ್ಯಾಣದಲ್ಲಿಯೋ ಒಂದು ಕೋಣೆಯನ್ನು ಹಿಡಿದ ಹೊಟೇಲು ಕೆಲಸಗಾರನಿಗೆ ಮೊದಲು ಎದುರಾಗುವ ಪ್ರಶ್ನೆ ನೀರಿನದು, ಎರಡನೆಯದು ಶಾಲೆಯದು. ನೀರಿನ ದಾರಿಯನ್ನು ನೆರೆಯವರು ತೋರಿಸಿಕೊಡುತ್ತಾರೆ. ಶಾಲೆಯ ವಿಷಯದಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುವುದರಿಂದ, ಕಾಯಿದೆಯು ಏನನ್ನು ಕೊಟ್ಟಿದೆ, ಏನನ್ನು ಕೊಟ್ಟಿಲ್ಲ ಎಂಬುದನ್ನು ಇಲ್ಲಿ ವಿವರಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಮುಂಬಯಿ ಮಹಾನಗರಪಾಲಿಕೆಯು ಎಂಟು ಭಾಷೆಗಳಲ್ಲಿ ಶಾಲೆಗಳನ್ನು ನಡೆಸುತ್ತ ಬಂದಿದ್ದು, ಕನ್ನಡವೂ ಅವುಗಳಲ್ಲೊಂದು. ಫೋರ್ಟು, ಮಾಟುಂಗಾಗಳಲ್ಲಿ ನೆಲೆಸಿದ್ದ ಹಿಂದಿನ ತಲೆಮಾರಿಗೆ ಇದರ ಪ್ರಯೋಜನವಿತ್ತು. ಬಾಡಿಗೆಯ ಏರಿಕೆಯು ನಮ್ಮವರನ್ನು ರೈಲುಹಾದಿಯ ಗುಂಟ ಠಾಣೆ, ಡೊಂಬಿವಲಿ, ಕಲ್ಯಾಣಗಳಿಗೂ, ಖಾಡಿಯಾಚೆಯ ನವಿಮುಂಬಯಿಗೂ ದೂಡಿತು. ಮುಲುಂಡಿನ ಚೆಕ್‌ನಾಕೆಯನ್ನು ದಾಟಿದೊಡನೆ ಆಡಳಿತವೇ ಬೇರೆ. ಠಾಣೆಗೆ ೧೯೮೨ರಲ್ಲಿ, ಕಲ್ಯಾಣ–ಡೊಂಬಿವಲಿಗೆ ೧೯೮೩ರಲ್ಲಿ, ನವಿಮುಂಬಯಿಗೆ ೧೯೯೨ರಲ್ಲಿ ಮಹಾನಗರಪಾಲಿಕೆಗಳು ಬಂದವು; ಅವುಗಳ ಶಾಲೆಗಳು ಮುಖ್ಯವಾಗಿ ಮರಾಠಿಯವು. ಪುಣೆಯ ಬಾಲಭಾರತಿಯು ಕನ್ನಡ ಪಠ್ಯಪುಸ್ತಕಗಳನ್ನು ಅಚ್ಚು ಹಾಕುತ್ತದೆ. ಜತ್ತ, ಅಕ್ಕಲಕೋಟೆಗಳ ಮಕ್ಕಳು ಅವನ್ನು ಓದುತ್ತಾರೆ. ಪುಸ್ತಕವಿದೆ, ನಮ್ಮ ಓಣಿಯಲ್ಲಿ ಶಾಲೆಯಿಲ್ಲ.

೧೯೫೬ರಲ್ಲಿ ರಾಜ್ಯಾಂಗಕ್ಕೆ ಸೇರಿದ ೩೫೦–ಎ ಕಲಮು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕಷ್ಟು ಅನುಕೂಲವನ್ನು ಒದಗಿಸಲು ಪ್ರತಿ ರಾಜ್ಯವೂ ಸ್ಥಳೀಯ ಸಂಸ್ಥೆಯೂ ಯತ್ನಿಸತಕ್ಕದ್ದೆಂದು ವಿಧಿಸುತ್ತದೆ. ಆದರೆ ಮಕ್ಕಳು ಒಂದೆಡೆ ಸೇರಿದ್ದರಲ್ಲವೇ ತರಗತಿಯನ್ನು ಬೇಡುವುದು? ನಮ್ಮವರು ಬೇರೆ ಬೇರೆ ಚಾಳುಗಳಲ್ಲಿ ಚದರಿದ್ದಾರೆ. ಮೇಲಾಗಿ, ತಂದೆಯರೇ ಇಂಗ್ಲಿಷ್ ಶಾಲೆಯನ್ನು ಬಯಸುತ್ತಾರೆಂಬುದನ್ನು ಮುಚ್ಚಿಡುವುದರಿಂದ ಲಾಭವಿಲ್ಲ. ವಡಾಲದ ನ್ಯಾಶನಲ್ ಕನ್ನಡ ಎಜುಕೇಶನ್ ಸೊಸೈಟಿ, ಮೊಗವೀರ ವ್ಯವಸ್ಥಾಪಕ ಮಂಡಳಿ ಮೊದಲಾದವು ಕಟ್ಟಿದ ಹಗಲು–ರಾತ್ರಿ ಶಾಲೆಗಳು ಕನ್ನಡಿಗರನ್ನು ಗುಮಾಸ್ತರನ್ನಾಗಿಯೂ ವಕೀಲರನ್ನಾಗಿಯೂ ಮಾಡಿದವು. ಡೊಂಬಿವಲಿಯ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯವೂ ಠಾಣೆಯ ನವೋದಯ ಕನ್ನಡ ಸೇವಾ ಸಂಘದ ಶಾಲೆಯೂ ಅದೇ ಪರಂಪರೆಯವು. ಕಾಲಕ್ಕೆ ತಕ್ಕಂತೆ ಇಂಗ್ಲಿಷನ್ನು ಅಪ್ಪಿಕೊಂಡ ಸಂಸ್ಥೆಗಳನ್ನು ನಾವು ದೂರುವುದಿಲ್ಲ. ಮಕ್ಕಳಿಲ್ಲದ ತರಗತಿಗೆ ಸಂಬಳವನ್ನು ಯಾರು ಕೊಟ್ಟಾರು?

ಇನ್ನು ಬಡವನ ಮಾತು. ೨೦೧೦ರ ಏಪ್ರಿಲ್ ೧ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕಿನ ಕಾಯಿದೆಯಂತೆ ಅನುದಾನವಿಲ್ಲದ ಖಾಸಗಿ ಶಾಲೆಗಳು ಪ್ರವೇಶ ತರಗತಿಯ ನೂರಕ್ಕೆ ೨೫ ಸ್ಥಾನಗಳನ್ನು ದುರ್ಬಲ ಹಾಗೂ ಹಿಂದುಳಿದ ವರ್ಗಗಳ ಮಕ್ಕಳಿಗೆ ಶುಲ್ಕವಿಲ್ಲದೆ ಕೊಡತಕ್ಕದ್ದು. ಮಹಾರಾಷ್ಟ್ರವು ೨೦೨೪ರ ಫೆಬ್ರುವರಿಯಲ್ಲಿ, ಒಂದು ಕಿಲೊಮೀಟರಿನೊಳಗೆ ಸರಕಾರಿ ಇಲ್ಲವೆ ಅನುದಾನಿತ ಶಾಲೆಯಿರುವೆಡೆ ಖಾಸಗಿ ಶಾಲೆಗಳಿಗೆ ವಿನಾಯಿತಿಯಿತ್ತಿತು. ಮುಂಬಯಿ ಹೈಕೋರ್ಟು ಅದೇ ವರ್ಷದ ಜುಲೈಯಲ್ಲಿ ಆ ಆಜ್ಞೆಯನ್ನು ರದ್ದುಗೊಳಿಸಿತು. ಹೀಗೆ ಬಾಗಿಲು ಮತ್ತೆ ತೆರೆಯಿತು. ಆದರೆ ಅಲ್ಪಸಂಖ್ಯಾತ ಮಾನ್ಯತೆಯುಳ್ಳ ಶಾಲೆಗಳಿಗೆ ಈ ಕಾಯಿದೆ ಅನ್ವಯಿಸದೆಂದು ಸುಪ್ರೀಂ ಕೋರ್ಟು ೨೦೧೪ರಲ್ಲಿ ತೀರ್ಪಿತ್ತಿದೆ. ಆದುದರಿಂದ ಭಾಷೆಯ ಹೆಸರಿನಲ್ಲಿ ಅಂಥ ಮಾನ್ಯತೆಯನ್ನು ಪಡೆದ ಶಾಲೆಯಲ್ಲಿ, ಆ ಭಾಷೆಯನ್ನಾಡುವ ಮಾಣಿಯ ಮಗನಿಗೆ ಹಕ್ಕಿನಿಂದ ದೊರೆಯುವ ಉಚಿತ ಸ್ಥಾನವಿಲ್ಲ. ದಾನಿಗಳ ಔದಾರ್ಯವಷ್ಟೇ ಇದೆ. ಈ ವೈಪರೀತ್ಯವನ್ನು ನಮ್ಮ ಸಂಘಗಳ ವಾರ್ಷಿಕ ಸಭೆಗಳಲ್ಲಿ ಯಾರಾದರೂ ಎತ್ತಬೇಕು.

ಉಳಿದ ಶಾಲೆಗಳಲ್ಲಿ ತೊಡಕು ಕಾಗದಪತ್ರಗಳದು. ದುರ್ಬಲ ವರ್ಗದವರಿಗೆ ವಾರ್ಷಿಕ ವರಮಾನ ಒಂದು ಲಕ್ಷ ರೂಪಾಯಿಗಳೊಳಗಿರಬೇಕು. ಬಾಡಿಗೆ ಮನೆಯಾದರೆ ನೋಂದಾಯಿತ ಕರಾರು ಬೇಕು. ಬಾಯಿಮಾತಿನ ಕೋಣೆ ನಡೆಯದು. ಕರ್ನಾಟಕದ ಜಾತಿಪತ್ರವನ್ನೂ ಇಲ್ಲಿ ಒಪ್ಪುವುದಿಲ್ಲ. ೨೦೨೫–೨೬ರ ಸಾಲಿಗೆ ಅರ್ಜಿಗಳನ್ನು ಜನವರಿಯಲ್ಲಿಯೇ ಕರೆದಿದ್ದರು. ಜೂನಿನಲ್ಲಿ ಎಚ್ಚೆತ್ತವನಿಗೆ ಚೀಟಿ ಎತ್ತುವ ಕಾಲ ಮುಗಿದಿರುತ್ತದೆ.

ಆದರೆ ಒಂದು ಹಕ್ಕು ವರ್ಷವಿಡೀ ಇದೆ. ಆರರಿಂದ ಹದಿನಾಲ್ಕು ವಯಸ್ಸಿನ ಮಗುವನ್ನು ಪಾಲಿಕೆಯ ಶಾಲೆಯಾಗಲಿ ಅನುದಾನಿತ ಶಾಲೆಯಾಗಲಿ, ಊರಿನ ವರ್ಗಾವಣೆ ಪತ್ರ ತಡವಾಯಿತೆಂದು ಹಿಂದಕ್ಕೆ ಕಳುಹಿಸಕೂಡದು. ಇದು ಕಾಯಿದೆಯ ಐದನೆಯ ಕಲಮು. ವಯಸ್ಸಿನ ದಾಖಲೆಯಿಲ್ಲವೆಂಬುದೂ ನೆವವಾಗಲಾರದೆಂದು ಹದಿನಾಲ್ಕನೆಯದು ಹೇಳುತ್ತದೆ. ದೀಪಾವಳಿಯ ಬಳಿಕ ಉಡುಪಿಯಿಂದಲೋ ಕುಂದಾಪುರದಿಂದಲೋ ಮಕ್ಕಳನ್ನು ಕರೆತರುವವರು ಈ ಎರಡು ಕಲಮುಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ. ಮರಾಠಿಯ ಭಯ ಬೇಡ. ೨೦೨೦ರ ಕಾಯಿದೆಯಿಂದ ಅದು ಇಲ್ಲಿನ ಎಲ್ಲ ಶಾಲೆಗಳಲ್ಲಿಯೂ ಕಡ್ಡಾಯವೇ ಆಗಿದೆ, ಬೀದಿಯಲ್ಲಿ ಆಡುವ ಮಗು ಅದನ್ನು ತಂದೆಗಿಂತ ಬೇಗ ಕಲಿಯುತ್ತದೆ.

ಇಂಗ್ಲೆಂಡಿನ ಬೋಲ್ಟನ್, ಡಡ್ಲಿ ಮೊದಲಾದ ಬರೋಗಳಲ್ಲಿ ಊರಿನ ಮಕ್ಕಳಿಗೆಲ್ಲ ಸಾಕಾಗುವಷ್ಟು ಶಾಲಾಸ್ಥಾನಗಳಿರುವಂತೆ ನೋಡಿಕೊಳ್ಳುವುದು ಕೌನ್ಸಿಲಿನ ಕರ್ತವ್ಯ. ತಂದೆತಾಯಿಗಳು ತಮಗೆ ಬೇಕಾದ ಶಾಲೆಗಳನ್ನು ಕ್ರಮವಾಗಿ ಬರೆದು ಕೌನ್ಸಿಲಿಗೇ ಅರ್ಜಿ ಕೊಡುತ್ತಾರೆ. ಅಲ್ಲಿಯೂ ವಲಸೆಗಾರರ ತಾಯ್ನುಡಿಗೆ ಶನಿವಾರ–ಆದಿತ್ಯವಾರಗಳ ತರಗತಿಗಳೇ ಗತಿ, ಅವುಗಳನ್ನು ನಡೆಸುವವರೂ ಬಹುಮಟ್ಟಿಗೆ ಆಯಾ ಸಮಾಜದವರೇ. ಡೊಂಬಿವಲಿಯ, ವಾಶಿಯ ಸಂಘಗಳಿಗೆ ಕೋಣೆಗಳಿವೆ, ಆದಿತ್ಯವಾರವೂ ಇದೆ.

ಶಾಲೆಯನ್ನು ನಡುವೆಯೇ ಬಿಟ್ಟು ಗಲ್ಲಾದ ಬಳಿ ನಿಂತ ತರುಣರ ವಿಷಯವೊಂದು ಉಳಿದಿದೆ. ಹದಿನಾಲ್ಕರೊಳಗಿನ ಹುಡುಗರನ್ನು ಹೊಟೇಲುಗಳಲ್ಲಿ ಇಟ್ಟುಕೊಳ್ಳುವುದು ೨೦೦೬ರ ಅಕ್ಟೋಬರ್ ೧೦ರಿಂದ ನಿಷಿದ್ಧ. ಅದಕ್ಕೂ ಹಿಂದೆ ಬಂದವರಲ್ಲಿ ಅನೇಕರು ಎಸ್.ಎಸ್.ಸಿ. ಇಲ್ಲದೆಯೇ ವಯಸ್ಕರಾದರು. ಅಂಥವರು ‘ಹದಿನೇಳು ನಂಬರಿನ ಅರ್ಜಿ’ ತುಂಬಿ ಖಾಸಗಿಯಾಗಿ ಪರೀಕ್ಷೆಗೆ ಕೂಡಬಹುದು. ರಾತ್ರಿ ಹನ್ನೊಂದಕ್ಕೆ ಹೊಟೇಲು ಮುಚ್ಚುವವರು ಓದುವುದು ಯಾವಾಗ ಎಂದು ಕೇಳುವವರಿಗೆ ಹೇಳುವುದಿಷ್ಟೇ: ಪರೀಕ್ಷೆಯ ತಿಂಗಳು ಮಾಲಿಕರು ಸಂಜೆಯ ಪಾಳಿಯಿಂದ ಬಿಡುವು ಕೊಡಲಿ.