ಬಯಲಿನಲ್ಲಿ ನಡೆಯುವ ಹಬ್ಬಗಳು: ತಿಮ್ಮಾಪುರ ಸೀಮೆಯಲ್ಲಿ ಪರಸ್ಥಳದ ಶಿಕ್ಷಕರ ರಜೆ

ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿಗೆ ಸೇರಿದ ತಿಮ್ಮಾಪುರವು ಎರಡು ಸಂಸ್ಥೆಗಳಿಂದಾಗಿ ಹೊರಗಿನವರಿಗೆ ಪರಿಚಿತವಾದ ಊರು. ಅವುಗಳಲ್ಲಿ ಒಂದು ಕವಿ ರನ್ನನ ಹೆಸರನ್ನು ಹೊತ್ತ ರನ್ನನಗರದ ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯಾದರೆ, ಇನ್ನೊಂದು ಮುಧೋಳ ನಾಯಿಯ ತಳಿಯನ್ನು ಉಳಿಸಿ ಬೆಳೆಸಲು ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು ಸ್ಥಾಪಿಸಿದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ. ಘಟಪ್ರಭೆ ಮತ್ತು ಕೃಷ್ಣೆಯ ನೀರನ್ನು ನಂಬಿ ಕಬ್ಬು ಬೆಳೆಯುವ ಮುಧೋಳ, ಜಮಖಂಡಿ, ಬೀಳಗಿ ಮತ್ತು ರಬಕವಿ–ಬನಹಟ್ಟಿಯ ಈ ಸೀಮೆಗೆ ನೌಕರಿಗಾಗಿ ಬೇರೆ ಊರುಗಳಿಂದ ಬಂದು ನೆಲೆಸುವವರಲ್ಲಿ ಶಾಲಾ ಶಿಕ್ಷಕರ ಪಾಲು ದೊಡ್ಡದು. ಅದರಲ್ಲಿಯೂ 2007–08ರಲ್ಲಿ ರಾಜ್ಯದ ಶಾಲೆಗಳಲ್ಲಿ ಇಂಗ್ಲಿಷನ್ನು ಒಂದನೆಯ ತರಗತಿಯಿಂದಲೇ ಒಂದು ಭಾಷೆಯಾಗಿ ಕಲಿಸಲು ಆರಂಭವಾದ ಮೇಲೆ, ಮನೆಯಲ್ಲಿಯಾಗಲಿ ಓಣಿಯಲ್ಲಿಯಾಗಲಿ ಇಂಗ್ಲಿಷ್ ಕಿವಿಗೆ ಬೀಳದ ಮಕ್ಕಳಿಗೆ ಆ ಭಾಷೆಯನ್ನು ಹೇಳಿಕೊಡುವ ಹೊಣೆ ಇಂಥ ಎಷ್ಟೋ ಶಿಕ್ಷಕರ ಮೇಲೆ ಬಿದ್ದಿದೆ. ಶಾಲೆಯ ದಿನಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಬಗೆಯವು. ಆದರೆ ಪರಸ್ಥಳದಲ್ಲಿ ಇರುವವರಿಗೆ ಆ ಸ್ಥಳವು ಹತ್ತಿರದ್ದಾಗುವುದೋ ದೂರದ್ದಾಗಿಯೇ ಉಳಿಯುವುದೋ ಎಂಬುದು ರಜೆಯ ದಿನಗಳಲ್ಲಿ ತೀರ್ಮಾನವಾಗುತ್ತದೆ.

ಈ ಮಾತನ್ನು ಚೀನಾದಲ್ಲಿ ಇಂಗ್ಲಿಷ್ ಕಲಿಸುವ ವಿದೇಶಿ ಶಿಕ್ಷಕರ ಅನುಭವದೊಡನೆ ಇಟ್ಟು ನೋಡಿದರೆ ತಿಮ್ಮಾಪುರ ಸೀಮೆಯ ವೈಶಿಷ್ಟ್ಯ ಚೆನ್ನಾಗಿ ತಿಳಿಯುತ್ತದೆ. ಆ ದೇಶವು ಇಂಗ್ಲಿಷ್ ಬೋಧನೆಗೆ ಮುಖ್ಯವಾಗಿ ಇಂಗ್ಲಿಷ್ ಮಾತೃಭಾಷೆಯಾಗಿರುವ ಕೆಲವೇ ದೇಶಗಳ ಪ್ರಜೆಗಳನ್ನು ಒಪ್ಪಿಕೊಳ್ಳುವುದರಿಂದ ಅಲ್ಲಿ ಆ ಕೆಲಸದಲ್ಲಿರುವ ಕನ್ನಡಿಗರು ವಿರಳ. ಆದರೂ ಅಲ್ಲಿನ ರಜೆಗಳ ಕ್ರಮ ನಮಗೆ ತೀರ ಅಪರಿಚಿತವೇನಲ್ಲ. ಅವರ ಹೊಸವರ್ಷವಾದ ವಸಂತೋತ್ಸವವು ಸಾಮಾನ್ಯವಾಗಿ ನಮ್ಮ ಅವರಾತ್ರಿ ಅಮಾವಾಸ್ಯೆಯ ಆಸುಪಾಸಿನಲ್ಲಿಯೇ ಬೀಳುತ್ತದೆ. ಎಂಟನೆಯ ಚಾಂದ್ರಮಾಸದ ಹುಣ್ಣಿಮೆಗೆ ನಡೆಯುವ ಅವರ ಮಧ್ಯಶರದ ಹಬ್ಬವೂ ಉತ್ತರ ಕರ್ನಾಟಕದ ಸೀಗಿ ಹುಣ್ಣಿಮೆಯೂ 2025ರ ಅಕ್ಟೋಬರ್ ಮೊದಲ ವಾರದಲ್ಲಿ ಒಂದೇ ಹುಣ್ಣಿಮೆಗೆ ಬಂದಿದ್ದವು. ಅಕ್ಟೋಬರ್ 1ರ ರಾಷ್ಟ್ರೀಯ ದಿನದಿಂದ ಮೊದಲಾಗುವ ‘ಸುವರ್ಣ ಸಪ್ತಾಹ’ದ ದೀರ್ಘ ರಜೆ 1999ರಿಂದ ಜಾರಿಯಲ್ಲಿದ್ದು, ಹಿರಿಯರ ಸಮಾಧಿಗಳನ್ನು ಗುಡಿಸಿ ಪೂಜಿಸುವ ಏಪ್ರಿಲ್ ಆರಂಭದ ಛಿಂಗ್‌ಮಿಂಗ್ ಹಬ್ಬಕ್ಕೆ 2008ರಿಂದ ಸಾರ್ವಜನಿಕ ರಜೆ ದೊರೆಯುತ್ತಿದೆ. ಹೀಗೆ ಕೊಟ್ಟ ಸತತ ರಜೆಗಳಲ್ಲಿ ಕೆಲವನ್ನು ಹಿಂದಿನ ಅಥವಾ ಮುಂದಿನ ಶನಿವಾರ, ಭಾನುವಾರಗಳಲ್ಲಿ ದುಡಿದು ಸರಿದೂಗಿಸಬೇಕೆಂಬ ನಿಯಮವೂ ಅಲ್ಲಿದೆ. ಮಳೆಗೆ ಕೊಟ್ಟ ರಜೆಯನ್ನು ಮುಂದಿನ ಶನಿವಾರಗಳಲ್ಲಿ ತುಂಬಿಕೊಡುವ ನಮ್ಮ ಶಿಕ್ಷಕರಿಗೆ ಇದರ ಸಂಕಟ ಬೇಗ ಅರ್ಥವಾದೀತು. ಆದರೆ ಚೀನಾದ ಅತಿ ದೊಡ್ಡ ಹಬ್ಬವಾದ ವಸಂತೋತ್ಸವದ ತಿರುಳು ಮನೆಮಂದಿಯೆಲ್ಲ ಒಟ್ಟಿಗೆ ಕೂತು ಮಾಡುವ ರಾತ್ರಿಯ ಊಟದಲ್ಲಿದ್ದು, ಅದಕ್ಕಾಗಿ ನಗರಗಳಲ್ಲಿ ದುಡಿಯುವ ಕೋಟ್ಯಂತರ ಜನ ತಮ್ಮ ತಮ್ಮ ಊರುಗಳಿಗೆ ಹೊರಟು ನಿಲ್ಲುತ್ತಾರೆ. ನಲವತ್ತು ದಿನಗಳ ಕಾಲ ರೈಲು, ಬಸ್ಸುಗಳೆಲ್ಲ ಕಿಕ್ಕಿರಿಯುತ್ತವೆ. ವಿದ್ಯಾರ್ಥಿಗಳೂ ಸಹೋದ್ಯೋಗಿಗಳೂ ಹೀಗೆ ಮನೆ ಸೇರಿದ ಮೇಲೆ ಯಾರಾದರೂ ಮನೆಗೆ ಕರೆದರೆ ವಿದೇಶಿ ಶಿಕ್ಷಕರಿಗೆ ಹಬ್ಬದೊಳಗೆ ಪ್ರವೇಶ ಸಿಕ್ಕೀತು. ಕರೆಯದಿದ್ದರೆ ಖಾಲಿಯಾದ ಶಾಲೆಯ ವಸತಿಗೃಹವೋ ಪ್ರವಾಸಿಗರ ಗದ್ದಲವೋ ಮಾತ್ರ ಅವರ ಪಾಲಿಗೆ ಉಳಿಯುತ್ತದೆ.

ತಿಮ್ಮಾಪುರ ಸೀಮೆಯ ದೊಡ್ಡ ಹಬ್ಬಗಳಲ್ಲಿ ಹಲವು ಮನೆಯ ಹೊರಗೆ ನಡೆಯುತ್ತವೆ ಎಂಬುದೇ ಇಲ್ಲಿನ ಮುಖ್ಯ ವ್ಯತ್ಯಾಸ. ಹೊಲ, ಹೊಳೆಯ ದಂಡೆ, ಬನ್ನಿಗಿಡದ ಬುಡ, ಊರ ಅಗಸಿ ಇವು ಹಬ್ಬದ ಜಾಗಗಳಾದ್ದರಿಂದ, ಜಾತಿ, ನೆಂಟಸ್ತಿಕೆಗಳ ಕಟ್ಟುಪಾಡು ಬಿಗಿಯಾಗಿರುವ ಅಡುಗೆಮನೆಯನ್ನು ದಾಟದೆಯೂ ಹೊಸಬರು ಹಬ್ಬದ ನಡುವೆ ಬಂದು ಕೂರಬಹುದು. ಈ ಬಗೆಯ ಹಬ್ಬಗಳಿಗೆ ಎಳ್ಳ ಅಮಾವಾಸ್ಯೆಯನ್ನು ಮೀರಿದ ಉದಾಹರಣೆ ಇಲ್ಲ. ಮಾರ್ಗಶಿರ ಮಾಸದ ಕೊನೆಗೆ, ಅಂದರೆ ಡಿಸೆಂಬರ್ ಅಥವಾ ಜನವರಿಯಲ್ಲಿ, ಹಿಂಗಾರಿನ ಬಿಳಿಜೋಳ ಎದೆಯೆತ್ತರ ಬೆಳೆದು ನಿಂತ ಕಾಲಕ್ಕೆ ಬರುವ ಈ ಹಬ್ಬದ ಹಿಂದಿನ ದಿನ ಶಾಲೆಯ ಗೇಟಿನ ಬಳಿ ಪಾಲಕರು ‘ಸರ, ನಾಳಿ ನಮ್ಮ ಹೊಲಕ್ಕ ಬರಬೇಕ್ರಿ’, ‘ಅಕ್ಕೋರ, ಮಕ್ಕಳನ್ನೂ ಕರಕೊಂಡ ಬರ್ರಿ’ ಎಂದು ಕರೆಯುವುದು ವಾಡಿಕೆ; ಒಬ್ಬ ಶಿಕ್ಷಕರಿಗೆ ಮೂರು ನಾಲ್ಕು ಹೊಲಗಳಿಂದ ಕರೆ ಬರುವುದೂ, ಯಾವ ಹೊಲದಲ್ಲಿ ಊಟ, ಯಾವ ಹೊಲದಲ್ಲಿ ಬರೀ ಮಜ್ಜಿಗೆ ಎಂದು ಅವರು ಹಂಚಿಕೊಳ್ಳಬೇಕಾಗುವುದೂ ಅಪರೂಪವಲ್ಲ.

ಹಬ್ಬದ ದಿನ ಹೆಂಗಸರು ಬೆಳಗಿನ ಜಾವವೇ ಎದ್ದು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಕಾಳುಪಲ್ಯ, ಶೇಂಗಾ ಹೋಳಿಗೆ, ಕಡಬು, ಗುರೆಳ್ಳಿನ ಚಟ್ನಿ, ಗಟ್ಟಿ ಮೊಸರುಗಳನ್ನು ಸಿದ್ಧಪಡಿಸಿ, ಬಿದಿರಿನ ಬುಟ್ಟಿಗಳಲ್ಲಿ ತುಂಬಿ, ಮೇಲೆ ಬಿಳಿ ವಸ್ತ್ರ ಮುಚ್ಚಿ ಹೊಲಕ್ಕೆ ಒಯ್ಯುತ್ತಾರೆ. ಹಿಂದೆ ಕೊಲ್ಲಾರಿ ಬಂಡಿಗಳ ಸಾಲು ಹೋಗುತ್ತಿದ್ದ ದಾರಿಯಲ್ಲಿ ಈಗ ಹೆಚ್ಚಾಗಿ ಟ್ರ್ಯಾಕ್ಟರುಗಳೇ ಕಾಣುತ್ತವೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲುಗಳನ್ನು ತೊಳೆದು, ಸುಣ್ಣ ಬಳಿದು, ಪಾಂಡವರೆಂದು ಭಾವಿಸಿ ಪೂಜಿಸಿ, ಭೂಮಿತಾಯಿಗೆ ಉಡಿ ತುಂಬಿದ ಮೇಲೆ ‘ಚರಗ ಚೆಲ್ಲುವ’ ಕಾರ್ಯ ನಡೆಯುತ್ತದೆ. ತಂದ ಅಡುಗೆಗಳೆಲ್ಲದರಿಂದ ತುಸು ತುಸು ತೆಗೆದು ಒಂದೇ ಪಾತ್ರೆಯಲ್ಲಿ ಕಲಸಿದ ಎಡೆಯೇ ಚರಗ. ಒಬ್ಬರು ಅದನ್ನು ಹೊಲದ ನಾಲ್ಕೂ ದಿಕ್ಕಿಗೆ ಎರಚುತ್ತಾ ಬೆಳೆಯ ನಡುವೆ ಮುಂದೆ ನಡೆದರೆ, ಇನ್ನೊಬ್ಬರು ಹಿಂದಿನಿಂದ ತಂಬಿಗೆಯ ನೀರು ಚಿಮುಕಿಸುತ್ತಾ ಬರುತ್ತಾರೆ. ಮುಂದಿನವರ ಕೂಗಿಗೆ ಹಿಂದಿನವರು ಓಗೊಡುತ್ತಾರೆ, ಪಕ್ಕದ ಹೊಲದಿಂದಲೂ ಅದೇ ಕೂಗು ಕೇಳಿಬರುತ್ತದೆ. ಈ ಓಗೊಡುವ ಕೆಲಸವನ್ನು ಬಂದ ಅತಿಥಿಗೆ ಒಪ್ಪಿಸುವ ಹೊಲಗಳೂ ಉಂಟು, ಶಾಲೆಯಲ್ಲಿ ಬಾಯಿ ಬಿಡಲು ಹಿಂಜರಿಯುವ ಹುಡುಗನೇ ಅಲ್ಲಿ ಮಾಸ್ತರರಿಗೆ ಕೂಗುವುದನ್ನು ಕಲಿಸಿಕೊಡುತ್ತಾನೆ. ಪರಭಾಷೆಯನ್ನು ಕಲಿಸುವವರು ಆಗೊಮ್ಮೆ ಈಗೊಮ್ಮೆ ಕಲಿಯುವವರ ಜಾಗದಲ್ಲಿ ನಿಲ್ಲಬೇಕಾದುದು ತೀರ ಅಗತ್ಯ. ತರಬೇತಿ ಶಿಬಿರಗಳಲ್ಲಿ ಎಷ್ಟು ಹೇಳಿದರೂ ತಲೆಗೆ ಹತ್ತದ ಈ ಸಂಗತಿ ಹೊಲದ ಬದುವಿನ ಮೇಲೆ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಊಟಕ್ಕೆ ಕಂಬಳಿ ಹಾಸಿ ಕೂತಾಗ ಮಕ್ಕಳ ಮನೆಯ ಸ್ಥಿತಿಗತಿ, ಯಾರು ಕಬ್ಬಿನ ಕೆಲಸಕ್ಕಾಗಿ ವಾರಗಟ್ಟಲೆ ಶಾಲೆ ತಪ್ಪಿಸುತ್ತಾರೆ, ಯಾವ ಹುಡುಗಿಯ ಮದುವೆಯ ಮಾತು ನಡೆದಿದೆ ಎಂಬುದೆಲ್ಲ ಕೇಳದೆಯೇ ಶಿಕ್ಷಕರ ಕಿವಿಗೆ ಬೀಳುತ್ತದೆ.

ಇಷ್ಟು ಮಹತ್ವದ ಹಬ್ಬವು ಸರ್ಕಾರದ ಸಾರ್ವತ್ರಿಕ ರಜೆಗಳ ಪಟ್ಟಿಯಲ್ಲಿ ಇಲ್ಲದಿರುವುದರಿಂದ ಶಾಲೆಗಳು ತಮಗಿರುವ ಸ್ಥಳೀಯ ರಜೆಯನ್ನು ಇದಕ್ಕಾಗಿ ಬಳಸಿಕೊಳ್ಳುತ್ತವೆ. ಹಾಗೆ ಬಳಸಿಕೊಳ್ಳದ ಶಾಲೆಗಳಲ್ಲಿ ಆ ದಿನ ಬಾಗಿಲು ತೆರೆದಿದ್ದರೂ ತರಗತಿಗಳು ಬಹುಪಾಲು ಬರಿದಾಗಿರುತ್ತವೆ; ಹಾಜರಿ ಪುಸ್ತಕದ ಮರ್ಯಾದೆಗಾಗಿ ಶಿಕ್ಷಕರನ್ನು ಖಾಲಿ ಕೋಣೆಯಲ್ಲಿ ಕೂರಿಸುವುದಕ್ಕಿಂತ ಹೊಲಕ್ಕೆ ಕಳಿಸುವುದೇ ಶಿಕ್ಷಣದ ದೃಷ್ಟಿಯಿಂದ ಸರಿಯಾದ ಕ್ರಮ.

ವಾರದ ರಜೆಯ ಒಂದು ಮಧ್ಯಾಹ್ನಕ್ಕೆ ತಿಮ್ಮಾಪುರದಲ್ಲಿಯೇ ದೊರೆಯುವ ವಿಶೇಷ ಆಕರ್ಷಣೆ ಶ್ವಾನ ಕೇಂದ್ರದ ಮುಧೋಳ ನಾಯಿಗಳು. ವಾಸನೆಗಿಂತ ಹೆಚ್ಚಾಗಿ ದೃಷ್ಟಿಯನ್ನು ನಂಬಿ ಬೇಟೆಯ ಬೆನ್ನು ಹತ್ತುವ ಈ ತಳಿಯ ತಲೆಬುರುಡೆ ಉದ್ದ ಮತ್ತು ಕಿರಿದು, ಎದೆ ಆಳವಾದದ್ದು, ಹೊಟ್ಟೆ ಬೆನ್ನಿಗೆ ಹತ್ತಿದಂತೆ ಮೇಲಕ್ಕೆ ಸೇದಿಕೊಂಡದ್ದು. ಗಂಡುನಾಯಿ ಭುಜದವರೆಗೆ ಸುಮಾರು 70 ಸೆಂ.ಮೀ. ಎತ್ತರವಿರುತ್ತದೆ. ನೆರಳಿನಲ್ಲಿ ನಿಂತಾಗ ಪಕ್ಕೆಲುಬುಗಳು ಎದ್ದು ಕಾಣುವುದರಿಂದ ಹೊಸಬರು ಅದನ್ನು ಉಪವಾಸ ಬಿದ್ದ ಪ್ರಾಣಿಯೆಂದು ಮರುಗುತ್ತಾರೆ. ಅದೇ ನಾಯಿ ಓಟಕ್ಕೆ ಬಿಟ್ಟಾಗ ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ನಾಲ್ಕೂ ಕಾಲುಗಳನ್ನು ನೆಲದಿಂದ ಎತ್ತಿ ಚಿಮ್ಮುವುದನ್ನು ಕಂಡ ಮೇಲೆ ಆ ಮೈಕಟ್ಟಿನ ಉದ್ದೇಶ ತಿಳಿಯುತ್ತದೆ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಅವರು ಈ ತಳಿಗೆ ಪುನಶ್ಚೇತನ ಕೊಟ್ಟು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ನೀಡಿದ್ದು ಪ್ರಸಿದ್ಧ ಸಂಗತಿ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು, 2016ರಲ್ಲಿ ಭಾರತೀಯ ಸೇನೆ ಇಲ್ಲಿಂದ ಮರಿಗಳನ್ನು ಮೀರತ್ತಿನ ತರಬೇತಿ ಕೇಂದ್ರಕ್ಕೆ ಒಯ್ದಿತು. ಸುತ್ತಲಿನ ಹಳ್ಳಿಗಳ ಹಲವು ಕುಟುಂಬಗಳಿಗೆ ಮರಿ ಸಾಕಿ ಮಾರುವುದು ಆದಾಯದ ದಾರಿಯೂ ಆಗಿರುವುದರಿಂದ, ನಾಯಿಯ ಪೋಷಣೆಯ ಬಗ್ಗೆ ಇಲ್ಲಿನ ಮಕ್ಕಳಿಗಿರುವ ತಿಳಿವಳಿಕೆ ಪಠ್ಯಪುಸ್ತಕದ ಪ್ರಾಣಿಪಾಠಗಳಿಗಿಂತ ಎಷ್ಟೋ ಮೇಲ್ಮಟ್ಟದ್ದು.

ಕಬ್ಬು ಅರೆಯುವ ಹಂಗಾಮು ದಸರೆ, ದೀಪಾವಳಿಗಳ ಸುಮಾರಿಗೆ ಆರಂಭವಾದರೆ ರಸ್ತೆಗಳ ರೂಪವೇ ಬದಲಾಗುತ್ತದೆ: ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಕಾರ್ಖಾನೆಗಳ ಮುಂದೆ ಸಾಲುಗಟ್ಟುತ್ತವೆ, ಕಬ್ಬು ಕಡಿಯುವ ಗ್ಯಾಂಗಿನವರ ಗುಡಿಸಲುಗಳು ಹೊಲದಂಚಿನಲ್ಲಿ ಏಳುತ್ತವೆ. ಈ ದಿನಗಳ ವಿಹಾರಕ್ಕೆ ತಕ್ಕ ಜಾಗವೆಂದರೆ ಬೆಲ್ಲದ ಗಾಣ. ಬೆಲ್ಲದ ಪೇಟೆಗೆ ಹೆಸರಾದ ಮಹಾಲಿಂಗಪುರದ ಸುತ್ತಮುತ್ತ ಇವು ಇನ್ನೂ ಉಳಿದಿವೆ. ಗಾಣದಲ್ಲಿ ಹಿಂಡಿದ ಕಬ್ಬಿನ ಹಾಲು ಅಗಲವಾದ ಕಡಾಯಿಯಲ್ಲಿ ಕುದಿಯುವಾಗ ಮೇಲೆ ಬರುವ ಕಪ್ಪು ನೊರೆಯನ್ನು ಉದ್ದ ಹಿಡಿಯ ಜಾಲರಿಯಿಂದ ತೆಗೆಯುತ್ತಲೇ ಇರಬೇಕು. ಪಾಕದ ಹದ ನೋಡುವವನು ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ, ಸರಿಯೆನಿಸಿದ ಕ್ಷಣಕ್ಕೆ ಕಡಾಯಿ ಇಳಿಸಲು ಹೇಳುತ್ತಾನೆ, ಆಮೇಲೆ ಅರೆಗಳಿಗೆ ತಡವಾದರೂ ಬೆಲ್ಲ ಕಪ್ಪಾಗುತ್ತದೆ. ಬಂದವರಿಗೆ ಕಬ್ಬಿನ ಹಾಲನ್ನೂ ಬಿಸಿ ಬೆಲ್ಲವನ್ನೂ ದುಡ್ಡಿನ ಮಾತಿಲ್ಲದೆ ಕೊಡುವ ರೂಢಿ ಈಗಲೂ ತಪ್ಪಿಲ್ಲ. ಇದಕ್ಕೆ ಜೊತೆಯಾಗಿದ್ದ ಸೀತನಿಯ ಸಡಗರ, ಅಂದರೆ ಹಾಲುಗಾಳಿನ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಡಿದು, ಬೆಲ್ಲ ಮತ್ತು ಶೇಂಗಾ ಚಟ್ನಿಯೊಡನೆ ಹೊಲದಲ್ಲಿಯೇ ಕೂತು ತಿನ್ನುವ ಕ್ರಮ, ನೀರಾವರಿಯ ಪ್ರದೇಶದಲ್ಲಿ ಜೋಳದ ಜಾಗವನ್ನು ಕಬ್ಬು ಹಿಡಿದಂತೆಲ್ಲ ಹಿಂದೆ ಸರಿಯುತ್ತಿದೆ. ಕಬ್ಬು ತಂದ ದುಡ್ಡನ್ನು ಹಗುರವಾಗಿ ಕಾಣಲಾಗದು. ಆದರೂ ಆಳೆತ್ತರದ ಕಬ್ಬಿನೊಳಗೆ ಚರಗ ಚೆಲ್ಲಲು ದಾರಿ ಹುಡುಕಬೇಕಾದ ಇಂದಿನ ಸ್ಥಿತಿ, ಬದುವಿನ ಬನ್ನಿಗಿಡಗಳು ಒಂದೊಂದಾಗಿ ಉರುಳುತ್ತಿರುವ ಸ್ಥಿತಿ, ಈ ಹಬ್ಬಗಳನ್ನು ಬಲ್ಲ ಯಾರಿಗಾದರೂ ನೋವು ತರುವಂಥದ್ದು.

ಇಡೀ ದಿನದ ಸಂಚಾರಕ್ಕೆ ಹೊರಡುವವರಿಗೆ ಜಮಖಂಡಿಯ ಬಳಿ ಕೃಷ್ಣಾ ನದಿಗೆ ಅಡ್ಡಲಾಗಿ ಚಿಕ್ಕಪಡಸಲಗಿಯಲ್ಲಿ ಕಟ್ಟಿದ ಬ್ಯಾರೇಜು ಮೊದಲ ಆಯ್ಕೆಯಾಗಬೇಕು. ಸರ್ಕಾರದ ದುಡ್ಡಿಗೆ ಕಾಯದೆ ರೈತರೇ ವಂತಿಗೆ ಮತ್ತು ಶ್ರಮದಾನದಿಂದ 1989ರಲ್ಲಿ ನಿಲ್ಲಿಸಿದ ಇದಕ್ಕೆ ‘ಶ್ರಮಬಿಂದು ಸಾಗರ’ ಎಂಬ ಹೆಸರು ಅರ್ಥಪೂರ್ಣವಾಗಿ ಒಪ್ಪುತ್ತದೆ. ರನ್ನನ ಊರಾದ ರನ್ನ ಬೆಳಗಲಿ, ತೇರದಾಳದ ಜೈನ ಬಸದಿ, ಬೀಳಗಿಯ ಅರೆತ್ತಿನ ಬಾವಿ, ಮಗ್ಗದ ಸದ್ದು ಇನ್ನೂ ಅಡಗದ ರಬಕವಿ–ಬನಹಟ್ಟಿಯ ಓಣಿಗಳು, ಚಿಂಕಾರಗಳಿಗಾಗಿ ರಕ್ಷಿತವಾದ ಯಡಹಳ್ಳಿ ವನ್ಯಧಾಮ ಇವೆಲ್ಲವೂ ಬಸ್ಸಿನಲ್ಲಿ ಅಥವಾ ಬೈಕಿನಲ್ಲಿ ಹೋಗಿ ಸಂಜೆಗೆ ಮರಳಬಹುದಾದ ದೂರದಲ್ಲಿವೆ. ಜಮಖಂಡಿಯಲ್ಲಿ ಪಟವರ್ಧನ ಅರಸರ ರಾಮತೀರ್ಥದ ಅರಮನೆಯನ್ನು ನೋಡುವ ಶಿಕ್ಷಕರು, 1886ರಲ್ಲಿ ಅದೇ ಊರಿನಲ್ಲಿ ಹುಟ್ಟಿ ದೂರದ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸಿ, ಕೊನೆಗೆ ವಿಜಯಪುರ ಜಿಲ್ಲೆಯ ನಿಂಬಾಳದಲ್ಲಿ ನೆಲೆಸಿದ ಗುರುದೇವ ರಾನಡೆಯವರನ್ನು ನೆನೆಯುವುದು ಉಚಿತ. ಪರಸ್ಥಳದಲ್ಲಿ ಪಾಠ ಹೇಳಿದವರ ಪರಂಪರೆ ಈ ಸೀಮೆಯಿಂದ ಹೊರಕ್ಕೂ ಹರಿದಿದೆ.

ಸಂಕ್ರಾಂತಿಯ ದಿನ ಎಳ್ಳು ಅರೆದು ಮೈಗೆ ಹಚ್ಚಿಕೊಂಡು ಹೊಳೆಯಲ್ಲಿ ಮಿಂದು, ದಂಡೆಯ ಮೇಲೆ ಬುತ್ತಿ ಬಿಚ್ಚುವ ಪದ್ಧತಿಯೂ, ದಸರೆಯ ಸಂಜೆ ‘ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ’ ಎನ್ನುತ್ತಾ ಮಕ್ಕಳು ಶಿಕ್ಷಕರ ಬಾಡಿಗೆ ಮನೆಗಳ ಬಾಗಿಲಿಗೆ ಬರುವ ಪದ್ಧತಿಯೂ ಎಳ್ಳ ಅಮಾವಾಸ್ಯೆಯ ಬಗೆಯವೇ. ಆದರೆ ದಸರಾ ರಜೆಗೆ ಹೆಚ್ಚಿನ ಪರಸ್ಥಳದವರು ತಮ್ಮ ಊರುಗಳಿಗೆ ಹೊರಟುಬಿಡುವುದರಿಂದ ಎರಡನೆಯದು ಅವರಿಗೆ ತಪ್ಪಿಹೋಗುತ್ತದೆ, ಒಂದು ವರ್ಷವಾದರೂ ಉಳಿದು ನೋಡುವುದು ಲೇಸು. ಮುಧೋಳಕ್ಕೆ ರೈಲಿನ ಸಂಪರ್ಕವಿಲ್ಲದ ಕಾರಣ ಬಾಗಲಕೋಟೆ, ಜಮಖಂಡಿಗಳ ಕಡೆಯಿಂದ ಬರುವ ಬಸ್ಸುಗಳೇ ಓಡಾಟಕ್ಕೆ ಆಧಾರ. ಬೇಸಿಗೆ ರಜೆ ಮುಗಿದು ಶಾಲೆ ತೆರೆದ ಹೊತ್ತಿಗೆ ಹೊಸದಾಗಿ ಬಂದು ಸೇರುವ ಶಿಕ್ಷಕರಿಗೆ ಮೊದಲು ಎದುರಾಗುವ ಹಬ್ಬ ಜೂನ್ ಸುಮಾರಿನ ಕಾರಹುಣ್ಣಿಮೆ. ಅಂದು ಸಂಜೆ ಕೊಂಬಿಗೆ ಬಣ್ಣ ಹಚ್ಚಿ, ಗೊಂಡೆ ಕಟ್ಟಿ ಸಿಂಗರಿಸಿದ ಎತ್ತುಗಳನ್ನು ಓಡಿಸಿ ಅಗಸಿಯ ಬಳಿ ಕರಿ ಹರಿಯುವಾಗ, ಯಾವ ಬಣ್ಣದ ಎತ್ತು ಮುಂದಾಯಿತು ಎಂಬುದರ ಮೇಲೆ ಆ ವರ್ಷ ಯಾವ ಬೆಳೆ ಚೆನ್ನಾಗಿ ಬರುತ್ತದೆಂದು ಹಿರಿಯರು ಲೆಕ್ಕ ಹಾಕುತ್ತಾರೆ, ಬೇಗ ಹೋದವರಿಗೆ ಅಗಸಿಯ ಕಟ್ಟೆಯ ಮೇಲೆ ಕೂತು ನೋಡಲು ಜಾಗ ಸಿಗುತ್ತದೆ.